ಒಗೆದು ಹಾಕಿದ ಮನವಿ

ಜಗತ್ತಿನ ಪ್ರತಿಯೊಂದು ದೊಡ್ಡ ಹೋರಾಟದ ಹಿಂದೆಯೂ ಮನೆಯಲ್ಲೇ ಉಳಿದು ಪಾತ್ರೆ ತೊಳೆದ ಒಬ್ಬ ವೀರ ಇದ್ದೇ ಇರುತ್ತಾನೆ. ಇತಿಹಾಸ ಬರೆಯುವವರು ಅವನನ್ನು ಮರೆಯುತ್ತಾರೆ, ಅಷ್ಟೆ. ಆ ವೀರ ನಾನೇ ಆಗಬೇಕೆಂದು ಒಂದು ಶನಿವಾರ ಸಂಜೆ, ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಪ್ರತಿಜ್ಞೆ ಮಾಡಿದೆ.

“ಇವತ್ತಿನಿಂದ ಸಮಾಜ ನಿನಗೆ, ಮನೆ ನನಗೆ,” ಎಂದು ಹೆಂಡತಿಯ ಮುಂದೆ ಘೋಷಿಸಿದೆ. “ನೀನು ಊರು ಸುತ್ತಿ ಹೋರಾಟ ಮಾಡು. ಅಡುಗೆ, ಕಸ, ಬಟ್ಟೆ ಯಾವುದರ ಚಿಂತೆಯೂ ನಿನಗೆ ಬೇಡ.”

ಅವಳು ಸಡಿಲವಾದ ಹೊಲಿಗೆಯೊಂದನ್ನು ಬಿಗಿಮಾಡಲು ಸೂಜಿಗೆ ಕೆಂಪು ದಾರ ಪೋಣಿಸುತ್ತಿದ್ದಳು. ತಲೆ ಎತ್ತದೆಯೇ, “ಬಟ್ಟೆ ಒಂದು ಬಿಟ್ಟು ಏನು ಬೇಕಾದ್ರೂ ಮಾಡಿ,” ಎಂದಳು.

ಅದನ್ನು ನಾನು ಅವಳ ಸಂಕೋಚ ಎಂದುಕೊಂಡೆ. ಗಂಡನ ಕೈಯಲ್ಲಿ ಬಟ್ಟೆ ಒಗೆಸಲು ಯಾವ ಹೆಂಗಸಿಗೆ ಮನಸ್ಸು ಬರುತ್ತದೆ? ಈ ಪ್ರಶ್ನೆಯನ್ನು ಆಮೇಲೆ ಪರಿಚಯದ ನಾಲ್ಕಾರು ಹೆಂಗಸರ ಮುಂದೆ ಇಟ್ಟೆ. ಎಲ್ಲರಿಗೂ ಬರುತ್ತದಂತೆ.

ನನ್ನ ಹೆಂಡತಿ ದೊಡ್ಡಾಸ್ಪತ್ರೆಯ ಮೂಳೆ ವಿಭಾಗದಲ್ಲಿ ನರ್ಸು. ಊರಿನಲ್ಲಿ ಯಾರು ಎಲ್ಲಿ ಜಾರಿದರೂ, ಉರುಳಿದರೂ, ಕೊನೆಗೆ ಬಂದು ಸೇರುವುದು ಅವಳ ಪ್ಲಾಸ್ಟರ್ ಕೋಣೆಗೆ. ಇಷ್ಟು ವರ್ಷ ಬಸ್ಸು ಆಸ್ಪತ್ರೆಯ ಗೇಟಿನ ಎದುರಿಗೇ ನಿಲ್ಲುತ್ತಿತ್ತು. ಒಂದು ದಿನ ಸಾರಿಗೆ ಕಚೇರಿಯವರಿಗೆ ಅಲ್ಲಿ ವಾಹನಗಳ ನೂಕುನುಗ್ಗಲು ಜಾಸ್ತಿಯಾಗಿದೆ ಎಂದು ಜ್ಞಾನೋದಯವಾಯಿತು. ನಿಲ್ದಾಣವನ್ನು ಅಲ್ಲಿಂದ ಎತ್ತಿ ದೊಡ್ಡ ಸರ್ಕಲ್ಲಿನ ಈಚೆ ಬದಿಗೆ, ನಾನು ಕೆಲಸ ಮಾಡುವ ಬ್ಯಾಂಕಿನ ಬಾಗಿಲಿಗೆ ತಂದಿಟ್ಟರು. ನನಗೇನೋ ಸುಖವಾಯಿತು. ಬಸ್ಸಿನಿಂದ ಒಂದು ಕಾಲು ತೆಗೆದರೆ ಇನ್ನೊಂದು ಬ್ಯಾಂಕಿನ ಮೆಟ್ಟಿಲ ಮೇಲೆ. ಆದರೆ ರೋಗಿಗಳಿಗೆ ದೇವರೇ ಗತಿ. ನಾಲ್ಕು ದಿಕ್ಕಿನಿಂದ ಲಾರಿ, ಕಾರು, ಬೈಕು ನುಗ್ಗುವ ಆ ಸರ್ಕಲ್ಲನ್ನು ಎರಡು ಕಾಲಿದ್ದವರೇ ಪ್ರಾಣ ಕೈಯಲ್ಲಿ ಹಿಡಿದು ದಾಟಬೇಕು. ಅವಳ ವಾರ್ಡಿನವರಿಗೆ ಇರುವುದು ಒಂದೂವರೆ ಕಾಲು, ಮತ್ತೊಂದು ಕೋಲು.

“ಒಂದು ಕಾಲಿಗೆ ಪ್ಲಾಸ್ಟರ್ ಹಾಕಿ ಕಳಿಸಿದ್ರೆ ಇನ್ನೊಂದು ಮುರ್ಕೊಂಡು ವಾಪಸ್ ಬರ್ತಾರೆ,” ಎಂದು ಅವಳು ದಿನಾ ಸಂಜೆ ಬಂದು ಸಿಡಿಮಿಡಿಗೊಳ್ಳುತ್ತಿದ್ದಳು.

ಸಿಡಿಮಿಡಿಗೊಂಡು ಸುಮ್ಮನಾಗುವ ಜಾತಿಯಲ್ಲ ಅವಳು. ಮನವಿ ಬರೆದಳು, ಸಹಿ ಹಾಕಿಸಿದಳು, ಸಾರಿಗೆ ಕಚೇರಿಗೆ ಕೊಟ್ಟಳು. ತಿಂಗಳು ಬಿಟ್ಟು ಕೇಳಿದರೆ ಅದು ತಲುಪಿಯೇ ಇಲ್ಲ ಎಂದರು. ಎರಡನೆಯದನ್ನು ಬರೆದು, ಕೊಟ್ಟದ್ದಕ್ಕೆ ರಸೀದಿಯನ್ನೂ ತಂದಳು. ಈ ಸಲ, ತಲುಪಿರುವುದು ನಿಜ, ಆದರೆ ಸಿಗುತ್ತಿಲ್ಲ ಎಂದರು. ಅವತ್ತು ಅವಳು ಮನೆಗೆ ಬಂದವಳೇ ಅಂಗಡಿಗೆ ಹೋಗಿ ಡಬಲ್ ಮಂಚಕ್ಕೆ ಹಾಸುವಂಥ ಬಿಳಿಯ ಹೊಸ ಬೆಡ್‌ಶೀಟು ತಂದಳು.

“ಕಾಗದ ಆದ್ರೆ ತಾನೇ ಕಳೆದುಹೋಗೋದು? ಇದನ್ನ ಹೇಗೆ ಕಳೀತಾರೋ ನೋಡ್ತೀನಿ.”

ಬಟ್ಟೆಯ ತಲೆಯ ಮೇಲೆ ಕೆಂಪು ದಾರದಲ್ಲಿ, ಅಂಗೈ ಅಗಲದ ಅಕ್ಷರದಲ್ಲಿ, ಕೈಯಿಂದಲೇ ಹೊಲಿದಳು: ‘ಆಸ್ಪತ್ರೆ ಎದುರಿನ ಬಸ್ ನಿಲ್ದಾಣ ನಮಗೆ ವಾಪಸ್ ಬೇಕು.’ ಕೆಳಗೆ ಜನ ನೀಲಿ ಸ್ಕೆಚ್ ಪೆನ್ನಿನಲ್ಲಿ ಸಹಿ ಹಾಕತೊಡಗಿದರು. ಡಾಕ್ಟರುಗಳು ಹಾಕಿದರು, ಅವರ ಸಹಿಗೂ ಎಕ್ಸ್‌ರೇಯಲ್ಲಿ ಕಾಣುವ ಬಿರುಕಿಗೂ ವ್ಯತ್ಯಾಸವಿರಲಿಲ್ಲ. ಆಂಬುಲೆನ್ಸ್ ಡ್ರೈವರು, ಗೇಟಿನ ಬಳಿ ಹಣ್ಣು ಮಾರುವವರು, ಎಡಗೈ ಮುರಿದವರು ಬಲಗೈಯಲ್ಲಿ, ಬಲಗೈ ಮುರಿದವರು ಎಡಗೈಯಲ್ಲಿ. ಎಲ್ಲರೂ ಕೋಲಜ್ಜಿ ಎಂದು ಕರೆಯುವ ಒಬ್ಬ ಮುದುಕಿ ಇದ್ದರು. ವಯಸ್ಸಾದ ಮೇಲೆ ಅಕ್ಷರ ಕಲಿತವರು. ಹೆಬ್ಬೆಟ್ಟು ಒತ್ತಿ ಸಾಕು ಎಂದರೆ ಕೇಳದೆ, ಪ್ಲಾಸ್ಟರ್ ಹಾಕಿದ ಕಾಲನ್ನು ಮುಂದಕ್ಕೆ ಚಾಚಿ ಕೂತು, ಒಂದೊಂದೇ ಅಕ್ಷರವನ್ನು ಹೊಲದಲ್ಲಿ ಸಸಿ ನೆಟ್ಟಂತೆ ನೆಟ್ಟರು. ಅವರ ಹಿಂದೆ ಸಾಲು ವಾರ್ಡಿನ ಕೊನೆಯವರೆಗೂ ಬೆಳೆಯಿತಂತೆ. ಯಾರೂ ಗೊಣಗಲಿಲ್ಲವಂತೆ.

ಇನ್ನು ನನ್ನ ಕೆಲಸವನ್ನು ಹೇಳಬೇಕು. ಬ್ಯಾಂಕಿನಲ್ಲಿ ನಾನು ಸಹಿ ತಾಳೆ ನೋಡುವ ಗುಮಾಸ್ತ. ಊರಿನ ಅರ್ಧ ಜನರ ಸಹಿ ನನಗೆ ಅವರ ಮುಖಕ್ಕಿಂತ ಚೆನ್ನಾಗಿ ಗೊತ್ತು. ಬಾಲ ಗಿಡ್ಡವಾದರೂ ಚೆಕ್ಕು ವಾಪಸ್, ಚುಕ್ಕಿ ತಪ್ಪಿದರೂ ವಾಪಸ್. ಹಾಗಾಗಿ ಜನ ನನ್ನನ್ನು ಸಹಿಸಿಕೊಂಡಿದ್ದಾರೆಯೇ ಹೊರತು ಪ್ರೀತಿಸುತ್ತಾರೆ ಎಂದು ಹೇಳಲಾರೆ.

ನಾನು ಪ್ರತಿಜ್ಞೆ ಮಾಡಿದ ಮರುದಿನ, ಭಾನುವಾರ, ಅವಳಿಗೆ ಡ್ಯೂಟಿ ಇತ್ತು. ಸೋಮವಾರ ಸಂಜೆ ಮನವಿಯನ್ನು ಸಾರಿಗೆ ಅಧಿಕಾರಿಯ ಕೈಗೇ ಕೊಡುವುದೆಂದು ಗೊತ್ತಾಗಿತ್ತು. ಮಂಗಳವಾರದಿಂದ ಆತನಿಗೆ ದೀರ್ಘ ರಜೆ. ಅವಳು ಅತ್ತ ಹೋದ ಕೂಡಲೇ ನಾನು ಸೊಂಟ ಕಟ್ಟಿ ನಿಂತೆ. ಕಸ ಗುಡಿಸಿದೆ, ಒಂದು ಕೋಣೆಯದು ಇನ್ನೊಂದಕ್ಕೆ ಹೋಯಿತು. ಅನ್ನ ಮಾಡಿದೆ, ತಳ ಹಿಡಿಯಿತು, ಮೇಲಿನದು ಬೇಯಲಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಈ ಕಥೆ ಹೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಆದರೆ ಯಾವ ಕೆಲಸ ನನ್ನಿಂದಾಗದು ಎಂದು ಅವಳು ತಿಳಿದಿದ್ದಳೋ ಅದನ್ನೇ ಮಾಡಿ ತೋರಿಸಬೇಕೆಂಬ ಛಲ ಹುಟ್ಟಿತು.

ಕಿಟಕಿಯ ಪರದೆ ಬಿಚ್ಚಿದೆ. ದಿಂಬಿನ ಚೀಲ ಕಳಚಿದೆ. ಮೇಜಿನ ಬಟ್ಟೆ, ಟವೆಲ್ಲು, ಕುರ್ಚಿಯ ಮೇಲೆ ಮಡಿಸಿ ಇಟ್ಟಿದ್ದ ಒಂದು ದಪ್ಪನೆಯ ಬಿಳಿ ಬಟ್ಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಚಿ ಮೆಷಿನ್ನಿನ ಬಾಯಿಗೆ ತುಂಬಿದೆ. ಬಿಸಿನೀರಿನ ಗುಂಡಿ ಒತ್ತಿದೆ. ಬಿಳುಪಿನ ಪುಡಿ ಒಂದು ಚಮಚ ಹಾಕಿ ಎಂದು ಡಬ್ಬಿಯ ಮೇಲೆ ಬರೆದಿತ್ತು. ಸಮಾಜ ಸುಧಾರಕರ ಮನೆಯಲ್ಲಿ ಚಮಚದ ಲೆಕ್ಕವೇ? ಡಬ್ಬಿಯನ್ನೇ ಬೋರಲು ಹಾಕಿದೆ.

ಮಧ್ಯಾಹ್ನ ತಾರಸಿಯ ಮೇಲೆ ಬಟ್ಟೆ ಹರವಿದಾಗ ನನ್ನ ಕಣ್ಣೇ ಕುಕ್ಕಿತು. ಅದರಲ್ಲೂ ಆ ದೊಡ್ಡ ಬಟ್ಟೆ! ಹಾಲು ನಾಚಬೇಕು. ಪಕ್ಕದ ತಾರಸಿಯ ಟೀಚರಮ್ಮ ಯಾವ ಪುಡಿ ಹಾಕಿದಿರಿ ಎಂದು ಕೇಳಿದರು. ಪುಡಿಯಲ್ಲಿ ಏನೂ ಇಲ್ಲ, ಎಲ್ಲ ಕೈಯಲ್ಲಿದೆ ಎಂದು ನಾನು ದೊಡ್ಡದಾಗಿ ಹೇಳುತ್ತಿದ್ದೆ. ಆಗ ಗಾಳಿ ಬೀಸಿತು. ಬಟ್ಟೆ ಮಗುಚಿಕೊಂಡಿತು. ಕೆಂಪು ಅಕ್ಷರಗಳು ನನ್ನ ಮುಖಕ್ಕೆ ಬಂದು ರಪ್ಪನೆ ಬಡಿದವು.

‘ಆಸ್ಪತ್ರೆ ಎದುರಿನ ಬಸ್ ನಿಲ್ದಾಣ ನಮಗೆ ವಾಪಸ್ ಬೇಕು.’

ದಾರದ ಅಕ್ಷರ ಒಂದೂ ಅಲುಗಿರಲಿಲ್ಲ. ಅದರ ಕೆಳಗೆ ಅಂಚಿನಿಂದ ಅಂಚಿಗೆ ಬರೀ ಬಿಳುಪು. ಬೇಕು ಎಂಬ ಮಾತು ಇತ್ತು, ಬೇಕಾದವರು ಒಬ್ಬರೂ ಇರಲಿಲ್ಲ. ಸಾರಿಗೆ ಕಚೇರಿಯವರು ಎರಡು ಮನವಿಗಳನ್ನು ಮೂಲೆಗೆ ಒಗೆದಿದ್ದರು. ಮೂರನೆಯದನ್ನು ನಾನು ಒಗೆದಿದ್ದೆ. ಈ ಎರಡು ಕೆಲಸಕ್ಕೂ ಕನ್ನಡದಲ್ಲಿ ಒಂದೇ ಮಾತು ಯಾಕಿದೆ ಎಂದು ಅವತ್ತು ಅರ್ಥವಾಯಿತು. ಬಟ್ಟೆಯ ಪಕ್ಕದಲ್ಲಿ ನಿಲ್ಲಿಸಿದ್ದರೆ ಯಾವುದು ಹೆಚ್ಚು ಬಿಳಿ ಎಂದು ಹೇಳುವುದು ಕಷ್ಟವಾಗುವಷ್ಟು ನನ್ನ ಮುಖ ಬಿಳಿಚಿತ್ತು.

ಕೆಟ್ಟ ಬುದ್ಧಿ ಬಂದೇ ಬಂತು. ಆ ಸಹಿಗಳಲ್ಲಿ ಎಷ್ಟೋ ನನಗೆ ಬಾಯಿಪಾಠ. ನಾನೇ ಹಾಕಿಬಿಟ್ಟರೆ ಮೊದಲು ಹಾಕಿದವನಿಗೂ ಪತ್ತೆಯಾಗದು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಪೆನ್ನು ಹಿಡಿದೆ. ಮೊದಲು ಕೋಲಜ್ಜಿಯದೇ ಇರಲಿ, ಅದು ಸುಲಭ ಎಂದುಕೊಂಡೆ. ಮೊದಲ ಅಕ್ಷರಕ್ಕೆಂದು ಪೆನ್ನನ್ನು ಬಟ್ಟೆಯ ಹತ್ತಿರ ತಂದವನು ಅಲ್ಲೇ ತಡೆದೆ. ಜೀವಮಾನವಿಡೀ ಊರವರ ಸಹಿಗೆ ಕಾವಲು ಕೂತವನು ನಾನು; ಈಗ ಬೇಲಿಯೇ ಎದ್ದು ಹೊಲ ಮೇಯಲು ಹೊರಟಿತ್ತು. ಆ ಮುದುಕಿ ಒಂದೊಂದು ಅಕ್ಷರಕ್ಕೂ ಪಟ್ಟ ಪಾಡನ್ನು ಹೆಂಡತಿ ನಟಿಸಿ ತೋರಿಸಿದ್ದು ನೆನಪಾಯಿತು. ಪೆನ್ನಿನ ಮುಚ್ಚಳ ಹಾಕಿ ಎದ್ದೆ.

ಸಂಜೆ ಅವಳು ಬಂದವಳು ಚಪ್ಪಲಿ ಕೂಡ ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು. ಕೋಲಜ್ಜಿ ಸರ್ಕಲ್ಲಿನಲ್ಲಿ ಬೈಕಿನ ಹ್ಯಾಂಡಲ್ಲು ತಾಗಿ ಬಿದ್ದರಂತೆ. ಪ್ಲಾಸ್ಟರು ಒಡೆದಿದೆ, ಪುಣ್ಯಕ್ಕೆ ಕಾಲು ಉಳಿದಿದೆ. ಹೊಸ ಪ್ಲಾಸ್ಟರ್ ಹಾಕುವಾಗ ಆ ಮುದುಕಿ ಕೇಳಿದ್ದು ಒಂದೇ ಮಾತಂತೆ.

“‘ನನ್ನ ಸಹಿ ಭದ್ರವಾಗಿದೆ ತಾನೇ ಮಗಾ?’ ಅಂತ ಕೇಳಿದ್ರು ರೀ. ಇದೆ ಅಜ್ಜಿ, ಮನೇಲೇ ಇದೆ ಅಂದೆ.” ಅವಳು ಸುತ್ತ ನೋಡಿದಳು. “ಎಲ್ಲಿ, ಕುರ್ಚಿ ಮೇಲೆ ಇಟ್ಟಿದ್ದೆನಲ್ಲ?”

“ತೆಗೆದಿಟ್ಟಿದ್ದೀನಿ,” ಎಂದೆ. “ಮನೇಲಿ ಬೇಡ. ನಾಳೆ ಬ್ಯಾಂಕಿಗೆ ತಗೊಂಡು ಹೋಗಿ ನನ್ನ ಹತ್ರಾನೇ ಇಟ್ಕೊಂಡಿರ್ತೀನಿ. ಸಂಜೆ ಅಲ್ಲಿಗೇ ಬಾ.”

ಅವಳು ನನ್ನ ಕಡೆ ನೋಡಿದ ನೋಟದಲ್ಲಿ ಮೆಚ್ಚುಗೆ ಇತ್ತು. ಮದುವೆಯಾದ ಮೇಲೆ ಆ ನೋಟಕ್ಕಾಗಿ ನಾನು ಎಷ್ಟೋ ಕಸರತ್ತು ಮಾಡಿದ್ದೆ. ಸಿಕ್ಕಿದ್ದು ಇವತ್ತು. ಬೆಂದಿರದ ಅನ್ನವನ್ನು ಅವಳಿಗೆ ಬಡಿಸಿದೆ.

ಸೋಮವಾರ ಬಟ್ಟೆಯನ್ನು ಚೀಲದಲ್ಲಿ ತುಂಬಿಕೊಂಡು ಎಲ್ಲರಿಗಿಂತ ಮೊದಲು ಬ್ಯಾಂಕಿಗೆ ಹೋದೆ. ಉಪಾಯ ಸಿದ್ಧವಾಗಿತ್ತು. ಮೊದಲು ಸಹಿ ಹಾಕಿದ್ದವರಲ್ಲಿ ಅರ್ಧ ಜನ ನಮ್ಮ ಗ್ರಾಹಕರೇ. ಒಬ್ಬೊಬ್ಬರಾಗಿ ಬಂದ ಹಾಗೆ ಗುಟ್ಟಾಗಿ ಹೇಳಿ ಮತ್ತೆ ಹಾಕಿಸಿಕೊಳ್ಳುವುದು. ಉಳಿದವರನ್ನು ಊಟದ ಬಿಡುವಿನಲ್ಲಿ ಹಿಡಿಯುವುದು. ಸಂಜೆಗೆ ಮನವಿ ತಯಾರು, ಸಂಸಾರ ಉಳಿಯಿತು.

ನನ್ನ ಗ್ರಹಚಾರಕ್ಕೆ ಮೊದಲು ಬಂದವರು ಕಿರಾಣಿ ಅಂಗಡಿಯ ಮಾಲೀಕರು. ಅವರಿಗೆ ಊರು ಇಟ್ಟ ಹೆಸರು ರೇಡಿಯೋ. ಹೆಚ್ಚು ವಿವರಿಸಬೇಕಿಲ್ಲ. ಆದರೆ ಬಟ್ಟೆಯ ಮೇಲೆ ಅವರ ಸಹಿ ಇದ್ದದ್ದು ನನಗೆ ಚೆನ್ನಾಗಿ ನೆನಪಿತ್ತು. ಅವರನ್ನು ಕೌಂಟರಿನ ಮೂಲೆಗೆ ಕರೆದು ದನಿ ತಗ್ಗಿಸಿದೆ.

“ನಿಮ್ಮದು ಇನ್ನೊಂದು ಸಲ ಸಹಿ ಬೇಕು. ಹಳೇದು ಹೋಗಿದೆ.”

“ಹೋಗಿದೆ ಅಂದ್ರೆ?”

“ಎಲ್ಲ ತೊಳೆದುಹೋಯ್ತು. ನಿಮ್ಮದೊಂದೇ ಅಲ್ಲ, ಊರಿನವರದ್ದೆಲ್ಲ.”

ಅವರ ಕೈಯಲ್ಲಿದ್ದ ಪಾಸ್‌ಬುಕ್ಕು ಅಲ್ಲಾಡಿತು. “ಮ್ಯಾನೇಜರಿಗೆ ಗೊತ್ತಾ?”

“ಇಲ್ಲ, ನಾನೇ ಮಾಡಿದ್ದು. ದಯವಿಟ್ಟು ಯಾರಿಗೂ ಹೇಳ್ಬೇಡಿ. ಸಂಜೆಯೊಳಗೆ ಎಲ್ಲ ಸರಿ ಮಾಡ್ತೀನಿ.”

ಈಗ ಕೂತು ಯೋಚಿಸಿದರೆ, ಬ್ಯಾಂಕಿನ ಗುಮಾಸ್ತನೊಬ್ಬ ಕೌಂಟರಿನ ಮೇಲೆ ಬಗ್ಗಿ ಹೇಳಬಾರದ ಮಾತುಗಳನ್ನೆಲ್ಲ ಒಂದೂ ಬಿಡದೆ ಜೋಡಿಸಿ ಹೇಳಿದ್ದೆ ಎಂದು ತಿಳಿಯುತ್ತದೆ. ಆಗ ತಿಳಿಯಲಿಲ್ಲ. ಚೀಲದಿಂದ ಬಟ್ಟೆ ತೆಗೆಯಲು ನಾನು ಬಗ್ಗಿ ಏಳುವಷ್ಟರಲ್ಲಿ ರೇಡಿಯೋ ಹಣ ತೆಗೆಯುವ ಚೀಟಿ ಬರೆದು ಕ್ಯಾಷಿಯರ ಮುಂದೆ ನಿಂತಿದ್ದರು. ಹಣ ಎಣಿಸಿ ನೋಡದೆ ಜೇಬಿಗೆ ತುಂಬಿಕೊಂಡು ಹೊರಟರು. ಎಣಿಸದೆ ಅವರು ಉಪ್ಪಿನ ಪೊಟ್ಟಣವನ್ನೂ ತೆಗೆದುಕೊಳ್ಳುವವರಲ್ಲ. ಸಹಿ ಹಾಕದೆ ಹೋದರಲ್ಲ ಎಂದು ನಾನು ಬೇಜಾರು ಮಾಡಿಕೊಂಡೆ.

ಒಂದು ಗಂಟೆ ಕಳೆದಿರಬೇಕು. ಹೊರಗೆ ಜೇನು ಹುಟ್ಟಿಗೆ ಕಲ್ಲು ಬಿದ್ದಂಥ ಸದ್ದು ಕೇಳಿಸಿತು. ಕಿಟಕಿಯಲ್ಲಿ ನೋಡಿದರೆ ಬಾಗಿಲಿನಿಂದ ಬೀದಿಯ ತಿರುವಿನವರೆಗೆ ಜನ. ಒಬ್ಬೊಬ್ಬರ ಕೈಯಲ್ಲೂ ಪಾಸ್‌ಬುಕ್ಕು. ಗಾಳಿಸುದ್ದಿಗೆ ಕಾಲಷ್ಟೇ ಅಲ್ಲ, ರೆಕ್ಕೆಪುಕ್ಕವೂ ಬಂದಿತ್ತು. ಬ್ಯಾಂಕು ಮುಳುಗಿದೆಯಂತೆ ಎಂದರು ಕೆಲವರು. ಗುಮಾಸ್ತನೇ ಒಪ್ಪಿಕೊಂಡಿದ್ದಾನಂತೆ ಎಂದರು ಇನ್ನು ಕೆಲವರು. ಖಜಾನೆ ಕೋಣೆಗೆ ನೀರು ನುಗ್ಗಿದೆ, ನಿನ್ನೆ ಅವನು ತನ್ನ ಮನೆಯ ತಾರಸಿಯ ಮೇಲೆ ನೋಟು ಒಣಗಿಸುತ್ತಿದ್ದನಂತೆ, ಕಣ್ಣಾರೆ ಕಂಡವರಿದ್ದಾರೆ ಎಂದು ಸಾಲಿನ ತುದಿಯಲ್ಲಿ ಮಾತು.

ಮ್ಯಾನೇಜರು ಸಾತ್ವಿಕ ಮನುಷ್ಯ, ನಿವೃತ್ತಿಗೆ ಹತ್ತಿರದಲ್ಲಿದ್ದವರು. ತಮ್ಮ ಕೋಣೆಯಿಂದ ಹೊರಗೆ ಬಂದು ಸಾಲು ನೋಡಿದರು, ನನ್ನನ್ನು ನೋಡಿದರು.

“ಏನ್ರೀ ಇದು?”

ಬೆಡ್‌ಶೀಟು ಸಾರ್ ಎಂದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಪೂರ್ತಿ ಹೇಳಲು ಬಾಯಿ ತೆರೆದೆ. ಆಗ ಸರ್ಕಲ್ಲಿನ ಕಡೆಯಿಂದ ಹಾರ್ನುಗಳ ಬೊಬ್ಬೆ ಎದ್ದಿತು. ಎಲ್ಲರೂ ಅತ್ತ ತಿರುಗಿದೆವು.

ಸುದ್ದಿ ಆಸ್ಪತ್ರೆಗೂ ತಲುಪಿತ್ತು. ಮೂಳೆ ವಿಭಾಗದ ಮುಂದೆ ಕೂತಿದ್ದ ರೋಗಿಗಳೆಲ್ಲ ಚೀಟಿ ಕೈಯಲ್ಲಿ ಹಿಡಿದುಕೊಂಡೇ ಎದ್ದು ಬಿಟ್ಟಿದ್ದರು. ಕತ್ತಿನ ಪಟ್ಟಿಯವರು, ಜೋಳಿಗೆಯಲ್ಲಿ ಕೈ ತೂಗುಹಾಕಿಕೊಂಡವರು, ಊರುಗೋಲಿನವರು, ಎಲ್ಲರೂ ತಮ್ಮ ದುಡ್ಡು ಉಳಿಸಿಕೊಳ್ಳಲು ಆ ಸರ್ಕಲ್ಲಿಗೆ ಇಳಿದಿದ್ದರು. ಅವರ ಮುಂದೆ ಬಿಳಿ ಸಮವಸ್ತ್ರದಲ್ಲಿ ನನ್ನ ಹೆಂಡತಿ. ಎರಡೂ ಕೈ ಅಗಲಿಸಿ ಲಾರಿಯೊಂದರ ಎದುರು ನಿಂತಿದ್ದಳು. ಲಾರಿ ನಿಂತಿತ್ತು. ಅದರ ಹಿಂದೆ ಊರಿಗೆ ಊರೇ ನಿಂತಿತ್ತು. ಅವಳು ಬೆನ್ನ ಹಿಂದಿನಿಂದ ಒಬ್ಬೊಬ್ಬರನ್ನೇ ದಾಟಿಸುತ್ತಿದ್ದಳು. ಕೊನೆಯಲ್ಲಿ ಕೋಲಜ್ಜಿ, ಇನ್ನೂ ಪೂರ್ತಿ ಒಣಗದ ಪ್ಲಾಸ್ಟರಿನಲ್ಲಿ, ಇಬ್ಬರ ಹೆಗಲ ಮೇಲೆ ಕೈಯಿಟ್ಟು ಬಂದರು.

ಬ್ಯಾಂಕಿನ ಮುಂದಿನ ಜನ ಆ ದಾಟುವಿಕೆಯನ್ನು ಕತ್ತು ಚಾಚಿ ನೋಡುತ್ತಿದ್ದರು. ಅವರಲ್ಲೂ ಎಷ್ಟೋ ಜನ ಅದೇ ರಸ್ತೆಯನ್ನು ಅದೇ ಬೆಳಿಗ್ಗೆ ಎದೆ ಹಿಡಿದುಕೊಂಡು ದಾಟಿ ಬಂದವರೇ.

ನನಗೆ ಇನ್ನು ತಡೆಯಲಾಗಲಿಲ್ಲ. ಸ್ಟೂಲು ಎಳೆದು ಬಾಗಿಲಿನಲ್ಲಿ ಹಾಕಿಕೊಂಡು ಹತ್ತಿದೆ. ನಿಮ್ಮ ದುಡ್ಡಿಗೆ ಏನೂ ಆಗಿಲ್ಲ, ತೊಳೆದುಹೋದದ್ದು ಹಣವಲ್ಲ, ನಿಮ್ಮ ಸಹಿ ಎಂದು ಕೂಗಿ ಹೇಳಿದೆ. ಯಾರೂ ನಂಬಲಿಲ್ಲ. ಚೀಲದಿಂದ ಬಟ್ಟೆ ತೆಗೆದು ಎರಡು ಕೈಯಲ್ಲಿ ಬಿಡಿಸಿ ಹಿಡಿದೆ. ಕೆಂಪು ಅಕ್ಷರ, ಕೆಳಗೆ ಬಯಲು. ಭಾನುವಾರ ಮನೆಯಲ್ಲಿ ನಡೆದದ್ದನ್ನು ಬಿಳುಪಿನ ಪುಡಿಯ ಸಮೇತ ಒಪ್ಪಿಸಿದೆ. ಬಟ್ಟೆಯ ಹಿಂದೆ ಮುಖ ಅಡಗಿಸಿಕೊಂಡು ಹೇಳುತ್ತಿದ್ದೆನಾದ್ದರಿಂದ, ಹೆಂಡತಿ ಮುಂದೆ ಬಂದು ನಿಂತದ್ದು ಕಾಣಲಿಲ್ಲ. ಬಟ್ಟೆಯನ್ನು ಯಾರೋ ಮೆಲ್ಲಗೆ ಕೆಳಗೆ ಎಳೆದರು. ಅವಳು.

ಆ ಕ್ಷಣ ಅವಳು ಬೈದಿದ್ದರೆ ನಾನು ಬದುಕುತ್ತಿದ್ದೆ. ಅವಳು ಬಟ್ಟೆಯನ್ನು ಮೇಲಿಂದ ಕೆಳಗೆ ನೋಡಿದಳು. ಅಂಗೈಯಿಂದ ಸವರಿದಳು. ತುಟಿ ಕಚ್ಚಿಕೊಂಡಳು. ಕಣ್ಣಲ್ಲಿ ನೀರು ಬಂತೋ ಏನೋ, ನನಗೆ ನೋಡುವ ಧೈರ್ಯವಾಗಲಿಲ್ಲ.

ಮೊದಲು ನಕ್ಕವರು ಕೋಲಜ್ಜಿ. ಬೊಚ್ಚು ಬಾಯಿ ತೆರೆದು, ಕೋಲು ಅಲ್ಲಾಡುವಷ್ಟು ನಕ್ಕರು.

“ಆ ಸಹಿ ಸ್ವಲ್ಪ ಸೊಟ್ಟ ಬಿದ್ದಿತ್ತು ಮಗಾ. ತೊಳೆದದ್ದೇ ಒಳ್ಳೇದಾಯ್ತು. ಕೊಡು, ಇನ್ನೊಂದು ಹಾಕ್ತೀನಿ.”

ನಗು ಸಾಲಿನ ತುದಿಯವರೆಗೂ ಹರಿಯಿತು. ದುಡ್ಡು ಉಳಿದ ಸಮಾಧಾನವೂ ಅದರಲ್ಲಿ ಸೇರಿತ್ತೆನ್ನಿ. ಹೆಂಡತಿ ಮೂಗೊರೆಸಿಕೊಂಡು, ಸಹಿ ಹಾಕಿಸಲು ಮ್ಯಾನೇಜರ ಬಳಿ ಜಾಗ ಕೇಳಿದಳು. ಅವರು ತಾವೇ ಕೌಂಟರಿನ ಮೇಲಿದ್ದ ಕಾಗದಗಳನ್ನು ಸರಿಸಿ ಜಾಗ ಮಾಡಿದರು. ಹಣದ ಚೀಲಗಳ ಮೇಲೆ ಗುರುತು ಬರೆಯುವ, ಏನು ಮಾಡಿದರೂ ಅಳಿಸದ ಕಪ್ಪು ಮಾರ್ಕರುಗಳನ್ನು ಕ್ಯಾಷಿಯರು ತಂದುಕೊಟ್ಟರು. ಬಟ್ಟೆಯನ್ನು ಉದ್ದಕ್ಕೆ ಹಾಸಿದೆವು. ಜನ ಎರಡೂ ಕಡೆಯಿಂದ ಮುತ್ತಿದರು. ಆಸ್ಪತ್ರೆಯಲ್ಲಿ ಸಹಿ ಹಾಕಿರದವರೂ ಹಾಕಿದರು. ರೇಡಿಯೋ ತಲೆ ತಗ್ಗಿಸಿಕೊಂಡು ಬಂದು ಎರಡು ಸಲ ಹಾಕಿದರು. ಒಂದನ್ನು ನಾನು ಹೊಡೆದುಹಾಕಿಸಿದೆ; ಕಸುಬು ಬಿಡುವುದುಂಟೆ?

ಇಷ್ಟರಲ್ಲಿ ದಪ್ಪಗಿನ ಒಬ್ಬರು ಏದುಸಿರು ಬಿಡುತ್ತ, ಒಂದು ಚಪ್ಪಲಿಯ ಪಟ್ಟಿ ಕಿತ್ತುಹೋಗಿ ಕಾಲು ಎಳೆಯುತ್ತ ಒಳಗೆ ನುಗ್ಗಿದರು. ಅವರ ಜೀಪು ಸರ್ಕಲ್ಲಿನ ಆಚೆ ಸಿಕ್ಕಿಬಿದ್ದಿತ್ತಂತೆ. ಇಳಿದು, ವಾಹನಗಳ ಸಂದಿಯಲ್ಲಿ ನುಸುಳಿ, ಓಡಿ ಬಂದಿದ್ದರು. ರಜೆಯ ಖರ್ಚಿಗೆ ಕೂಡಿಟ್ಟ ದುಡ್ಡೆಲ್ಲ ನಮ್ಮ ಬ್ಯಾಂಕಿನಲ್ಲಿ ಇತ್ತು. ಅವರ ಸಹಿ ನನಗೆ ಗೊತ್ತು, ಮುಖ ಸರಿಯಾಗಿ ಗೊತ್ತಿರಲಿಲ್ಲ. ಎಲ್ಲರೂ ಬಗ್ಗಿ ಸಹಿ ಹಾಕುತ್ತಿದ್ದುದನ್ನು ಕಂಡು ಅವರು ಗಾಬರಿಯಿಂದ, ಇದಕ್ಕೆ ಸಹಿ ಹಾಕಬೇಕೇ ಎಂದು ಪಕ್ಕದಲ್ಲಿದ್ದ ಕೋಲಜ್ಜಿಯನ್ನು ಕೇಳಿದರು.

“ಹಾಕಪ್ಪಾ, ಒಳ್ಳೇದಾಗುತ್ತೆ,” ಎಂದರು ಅಜ್ಜಿ.

ಅವರು ಮಾರ್ಕರು ಕಸಿದುಕೊಂಡು ಹಾಕಿದರು. ಕಚೇರಿಯ ಅಭ್ಯಾಸ, ಸಹಿಯ ಕೆಳಗೆ ತಾರೀಖು ಹಾಕಿದರು, ತಾರೀಖಿನ ಕೆಳಗೆ ಹುದ್ದೆಯನ್ನೂ ಬರೆದರು. ಹುದ್ದೆಯನ್ನು ಮೊದಲು ಓದಿದವಳು ನನ್ನ ಹೆಂಡತಿ. ಎರಡು ಮನವಿಗಳು ಯಾರ ಮೇಜಿನವರೆಗೆ ತಲುಪಿ ಕಾಣೆಯಾಗಿದ್ದವೋ ಅವರೇ ಇವರು, ಸಾರಿಗೆ ಅಧಿಕಾರಿ.

ಅವಳು ಬಟ್ಟೆಯ ತಲೆಭಾಗವನ್ನು ಎತ್ತಿ ಅವರ ಕಣ್ಣಮುಂದೆ ಹಿಡಿದಳು.

ಅವರು ಓದಿದರು. ಕೆಳಗಿದ್ದ ತಮ್ಮ ಸಹಿಯನ್ನು ನೋಡಿದರು. ಸುತ್ತಲೂ ಬ್ಯಾಂಡೇಜು, ಕೋಲು, ಪ್ಲಾಸ್ಟರುಗಳ ನಡುವೆ ನಿಂತಿರುವುದು ಆಗ ಅವರ ಅರಿವಿಗೆ ಬಂತು. ಇದು ಮೋಸ, ಇದು ಸಲ್ಲದು ಎಂದು ಅವರು ಹೇಳಬಹುದಾಗಿತ್ತು. ಹೇಳುತ್ತಾರೆ ಎಂದೇ ನಾನು ಕಾದೆ. ಅವರು ಕಿತ್ತುಹೋದ ಚಪ್ಪಲಿ ಕಡೆ ನೋಡಿಕೊಂಡರು, ಆಮೇಲೆ ಅಜ್ಜಿಯ ಕಾಲಿನ ಕಡೆ.

“ನಕ್ಷೆಯಲ್ಲಿ ಆ ರಸ್ತೆ ಇಷ್ಟು ಅಗಲ ಇರ್ಲಿಲ್ಲ,” ಎಂದರು, ತಮಗೆ ತಾವೇ ಹೇಳಿಕೊಂಡಂತೆ.

ಬಟ್ಟೆಯನ್ನು ಅವರೇ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ರಜೆಗೆ ಹೋಗುವ ಮುಂಚೆ ಆದೇಶ ಹೊರಡಿಸುತ್ತೇನೆ ಎಂದರು. ನನ್ನ ಹೆಂಡತಿ ಬಟ್ಟೆಗೊಂದು ರಸೀದಿ ಕೇಳಿದಳು. ಬರೆದುಕೊಟ್ಟರು. ಸರ್ಕಲ್ಲನ್ನು ದಾಟಿ ಜೀಪಿಗೆ ವಾಪಸ್ ಹೋಗುವಾಗ ಅವರು ಅವಳ ಹಿಂದೆಯೇ ನಡೆದದ್ದನ್ನು ನಾವೆಲ್ಲ ನೋಡಿದೆವು.

ಮ್ಯಾನೇಜರು ನನಗೆ ಒಂದು ಶಿಕ್ಷೆ ಕೊಟ್ಟರು: ಹಣ ತೆಗೆದವರ ಮನೆಗೆಲ್ಲ ಹೋಗಿ ಕ್ಷಮೆ ಕೇಳಿ ಮತ್ತೆ ಕಟ್ಟಿಸಿಕೊಂಡು ಬರಬೇಕು. ಕಾಲು ನೋಯುವವರೆಗೂ ನಡೆದೆ. ಮನೆಯಲ್ಲಿ ಇನ್ನೂ ದೊಡ್ಡ ಶಿಕ್ಷೆ ಕಾದಿದೆ ಎಂದುಕೊಂಡು ಹೋದರೆ, ಅವಳು ಕಿಟಕಿಯ ಮುಂದೆ ನಿಂತಿದ್ದಳು. ಬಿಸಿನೀರಿಗೆ ಪರದೆ ಕುಗ್ಗಿ ಅರ್ಧ ಕಿಟಕಿಗೆ ಬಂದಿತ್ತು.

“ಬೈದುಬಿಡು,” ಎಂದೆ.

“ಬೈಯಬೇಕು ಅಂತಾನೇ ಬಂದೆ ರೀ. ಆಗ್ತಿಲ್ಲ.” ಅವಳು ಪರದೆಯ ಅಂಚನ್ನು ಎಳೆದು ನೋಡಿದಳು, ಅದು ಉದ್ದವಾಗಲಿಲ್ಲ. “ಮೊದಲನೇ ಸಲ ಊರವರು ಪಾಪ ರೋಗಿಗಳು ಅಂತ ಸಹಿ ಹಾಕಿದ್ರು. ಇವತ್ತು ತಾವೇ ದಾಟಿ ಬಂದು ಹಾಕಿದ್ರು. ಮಾರ್ಕರ್ ಒತ್ತಿ ಬರೆದಿದ್ದು ನೋಡಿದ್ರಾ? ಬಟ್ಟೆ ಹರಿಯೋ ಹಾಗೆ.”

ಪರದೆಯನ್ನು ಕೈಬಿಟ್ಟು, ಸುಳ್ಳು ಮಾತ್ರ ಹೇಳಬಾರದಿತ್ತು ಎಂದಳು. ಹೌದು ಎಂದೆ. ಆ ಮೆಚ್ಚುಗೆಯ ನೋಟ ನನಗೆ ಸಲ್ಲಬೇಕಾದದ್ದಲ್ಲ ಎಂದೂ ಹೇಳಿದೆ. ಯಾವ ನೋಟ ಎಂದು ಕೇಳಿದಳು. ಅವಳಿಗೆ ನೆನಪೇ ಇರಲಿಲ್ಲ.

ಹದಿನೈದು ದಿನದೊಳಗೆ ನಿಲ್ದಾಣ ಆಸ್ಪತ್ರೆಯ ಗೇಟಿಗೆ ವಾಪಸ್ ಬಂತು. ಮೊದಲ ಬಸ್ಸು ನಿಲ್ಲುವ ದಿನ ನಾನು ಇಸ್ತ್ರಿ ಹಾಕಿಸಿದ ಅಂಗಿ ತೊಟ್ಟು ಹೋದೆ. ಕೆಲಸ ಮುಗಿದ ಮೇಲೆ ಕಚೇರಿಯವರು ಬಟ್ಟೆಯನ್ನು ಹಿಂದಿರುಗಿಸಿದ್ದರು. ಅದನ್ನು ಗೇಟಿನ ಪಕ್ಕದ ಗೋಡೆಗೆ ಉದ್ದಕ್ಕೆ ಕಟ್ಟಿದ್ದರು. ಬಸ್ಸಿಗೆ ಕಾದಿದ್ದವರೆಲ್ಲ ಅದರಲ್ಲಿ ತಮ್ಮ ತಮ್ಮ ಸಹಿ ಹುಡುಕುತ್ತಿದ್ದರು. ಇದಕ್ಕಿಂತ ಒಳ್ಳೆಯ ವೇದಿಕೆ ನನಗೆ ಸಿಗುವುದುಂಟೆ? ಬೆರಳಿಟ್ಟು ವಿವರಿಸತೊಡಗಿದೆ. ಇದು ದೊಡ್ಡ ಡಾಕ್ಟರದ್ದು, ಬಾಲ ನೋಡಿ. ಇದು ಹಣ್ಣಿನವರದ್ದು. ಇದು ಅಜ್ಜಿಯದು, ಈ ಸಲ ಎಷ್ಟು ನೆಟ್ಟಗಿದೆ. ಇದು ಸಾಹೇಬರದ್ದು, ಹುದ್ದೆ ಸಮೇತ. ಒಬ್ಬಿಬ್ಬರು ನೀವಿಲ್ಲದಿದ್ದರೆ ಇದೆಲ್ಲ ಆಗುತ್ತಿತ್ತೇ ಎಂದು ನನ್ನ ಕೈ ಕುಲುಕಿದರು. ನಾನು ಬೇಡವೆನ್ನಲಿಲ್ಲ.

ಹೆಂಡತಿ ಪಕ್ಕದಲ್ಲಿ ನಿಂತು ಬಟ್ಟೆಯನ್ನು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದುತ್ತಿದ್ದಳು.

“ಎಲ್ಲರದ್ದೂ ಸಿಕ್ತು ರೀ. ನಿಮ್ಮದೆಲ್ಲಿ?”

ಇಲ್ಲೇ ಎಲ್ಲೋ ಇದೆ ಎಂದು ಬೆರಳು ಓಡಿಸಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಮಡಿಕೆ ಬಿಡಿಸಿ ನೋಡಿದೆ. ಒಗೆಯುವುದಕ್ಕಿಂತ ಮೊದಲಾದರೂ ಹಾಕಿದ್ದೆನೇ ಎಂದು ನೆನಪು ಮಾಡಿಕೊಂಡೆ. ಹಾಕಿರಲಿಲ್ಲ. ಊರಿನವರ ಸಹಿಯನ್ನೆಲ್ಲ ತಾಳೆ ನೋಡಿದವನು ಒಂದು ಸಲವೂ ನನ್ನ ಹೆಸರು ಬರೆದಿರಲಿಲ್ಲ. ಕೈ ಕುಲುಕಿದವರು ಇನ್ನೂ ಅಲ್ಲೇ ನಿಂತಿದ್ದರು. ಅಂಗಿಯ ಜೇಬಿನಿಂದ ಪೆನ್ನು ತೆಗೆಯಲು ಹೋದೆ. ಅಷ್ಟರಲ್ಲಿ ಬಸ್ಸು ಬಂದು ಗೇಟಿನ ಎದುರು ನಿಂತಿತು. ಕೋಲಜ್ಜಿ ಒಂದೇ ಮೆಟ್ಟಿಲು ಇಳಿದು ನೇರ ಆಸ್ಪತ್ರೆಯ ಒಳಗೆ ನಡೆದರು.

ಹೆಂಡತಿ ನನ್ನ ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿ, ಬೆನ್ನ ಮೇಲೆ ಕೈಯಿಟ್ಟು ಬಸ್ಸಿನ ಕಡೆ ತಳ್ಳಿದಳು.

“ಹತ್ತಿ ಪರವಾಗಿಲ್ಲ. ಸಹಿ ಹಾಕದವರಿಗೂ ಟಿಕೆಟ್ ಕೊಡ್ತಾರಂತೆ.”